ಮೊದಲ ಸೀನಿಗೆ ಒನ್ಸ್ ಮೋರ್

ಈಶಪ್ಪನಿಗೂ ಕೊಟ್ರಪ್ಪನಿಗೂ ಜಗಳ ಹತ್ತಿದ್ದು ನಾಟಕದ ಮೊದಲ ಸೀನಿನ ಮೇಲೆ. ತಾಲೀಮು ಶುರುವಾದ ಸಂಜೆ ಹತ್ತಿದ ಆ ಜಗಳ ನಾಟಕದ ದಿನ ಬಂದರೂ ಆರಿರಲಿಲ್ಲ.

ಇಬ್ಬರೂ ಕೊಟ್ಟೂರು ಕಡೆಯವರು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುತ್ತಲೇ ತಲೆ ನೆರೆದವರು. ಟಿ. ದಾಸರಹಳ್ಳಿಯ ಒಂದೇ ವಠಾರದಲ್ಲಿ ಎದುರುಬದುರು ಮನೆ. ಪ್ರತಿ ವರ್ಷ ರಾಜ್ಯೋತ್ಸವದ ತಿಂಗಳಲ್ಲಿ ಊರ ಕಡೆಯ ಕೆಲಸಗಾರರೆಲ್ಲ ಸೇರಿ ಒಂದು ನಾಟಕ ಆಡುವುದು ಅವರ ಸಂಘದ ಪದ್ಧತಿ. ಕೊಟ್ರಪ್ಪ ಸಂಘದ ಅಧ್ಯಕ್ಷ. ಮೀಸೆ ದಪ್ಪಗಿದ್ದುದರಿಂದ ಕೇಡಿಗನ ಪಾರ್ಟು ಯಾವಾಗಲೂ ಅವನಿಗೇ; ಈ ಸಲ ಕಾರ್ಖಾನೆಯ ಸೂಪರ್‌ವೈಸರನದು. ಈಶಪ್ಪ ನಾಟಕ ಬರೆಯುವವನು, ಕಲಿಸುವವನು, ಆಡುವ ಹೊತ್ತಿಗೆ ಪರದೆಯ ಮರೆಯಲ್ಲಿ ನಿಂತು ಮಾತು ಎತ್ತಿಕೊಡುವವನು. ವೇದಿಕೆಯ ಮೇಲೆ ಅವನ ಮುಖವನ್ನು ಯಾರೂ ಕಂಡಿರಲಿಲ್ಲ, ಆದರೆ ಅವನ ಕೆಮ್ಮು ಎಲ್ಲರಿಗೂ ಗುರುತಿತ್ತು.

"ಮೊದ್ಲ ಸೀನಿಗೆ ಒಂದು ಡ್ಯಾನ್ಸ್ ಇಡಪಾ," ಎನ್ನುತ್ತಿದ್ದ ಕೊಟ್ರಪ್ಪ. "ಜನ ಬಂದು ಕುಂದ್ರಬೇಕು, ಹುಡುಗ್ರಿಗೆ ಶೇಂಗಾ ಕೊಡಸಬೇಕು, ಯಾರ್ ಯಾರ್ ಬಂದಾರ ಅಂತ ಹೊಳ್ಳಿ ನೋಡಬೇಕು. ಮೊದ್ಲ ಸೀನ್ ಯಾವ ಊರಾಗ ಯಾರು ನೋಡ್ಯಾರ? ನೀ ನೋಡಿದ್ರ ಗಂಡ ಬುತ್ತಿ ಕಟ್ಟಿಸ್ಕೊಂತಾನ, ಹೆಂಡ್ತಿ ಫೋನಾಗ ಮಾತಾಡ್ತಾಳ ಅಂತ ಬರದೀ. ಅದ್ರಾಗ ಏನೈತಿ?"

"ಅದ್ರಾಗ ಎಲ್ಲಾ ಐತಿ," ಎನ್ನುತ್ತಿದ್ದ ಈಶಪ್ಪ. "ಸಾಯೂದನ್ನ ಯಾರ್ ಬೇಕಾದ್ರೂ ತೋರಸ್ತಾರ. ಸತ್ತಾವ ಎಂಥಾವ ಅಂತ ತೋರಸೂದು ಮೊದ್ಲ ಸೀನು. ಅದನ್ನ ನೋಡಿದವ್ರಿಗೆ ಮುಂದಿಂದು ಹೊಟ್ಟ್ಯಾಗ ಇಳೀತತಿ."

"ಹಂಗಾದ್ರ ಕಡೇ ಸೀನಿನ್ಯಾಗ ಯಾರಾದ್ರೂ ಎದ್ದು 'ಸೂಪರ್‌ವೈಸರ್ ಹೇಳಿದ್ದು ಸುಳ್ಳು' ಅಂತ ಒದರಲಿ."

"ಒದರಾಂಗಿಲ್ಲ. ಮೊದ್ಲ ಸೀನ್ ನೋಡಿದವ್ರಿಗೆ ಅದು ಸುಳ್ಳು ಅಂತ ತಾನ ಗೊತ್ತಾಗ್ತತಿ."

ಜನ ಹೊತ್ತಿಗೆ ಸರಿಯಾಗಿ ಬರುತ್ತಾರೆಯೇ ಎಂಬ ಪ್ರಶ್ನೆಗೂ ಈಶಪ್ಪನ ಬಳಿ ಉತ್ತರ ಸಿದ್ಧವಿತ್ತು. ಇದು ಹಳ್ಳಿಯಲ್ಲ, ಇಲ್ಲಿರುವವರು ದಿನಾ ಕಾರ್ಖಾನೆಯ ಗೇಟಿನಲ್ಲಿ ಪಂಚ್ ಮಾಡುವವರು, ತಡವಾದರೆ ಏನಾಗುತ್ತದೆಂದು ಬಲ್ಲವರು, ನಾಲ್ಕು ಗಂಟೆ ಎಂದರೆ ನಾಲ್ಕಕ್ಕೇ ಬರುತ್ತಾರೆ ಎಂದು ಅವನ ಲೆಕ್ಕ. ಆರು ದಿನ ಗೇಟಿಗೆ ಹೆದರಿ ಓಡಿದವರು ಏಳನೆಯ ದಿನ ನಾಟಕಕ್ಕೂ ಹಾಗೆಯೇ ಓಡಿಬರುತ್ತಾರೆ ಎಂದು ನಂಬಿದವನಿಗೆ ಏನು ಹೇಳೋಣ! ಅವನಾದರೂ ಭಾನುವಾರ ಮಧ್ಯಾಹ್ನ ಉಂಡು ಮಲಗಿದರೆ ಸಂಜೆಯವರೆಗೆ ಏಳದ ಪ್ರಾಣಿ.

ಅವನ ಹಟಕ್ಕೆ ಕಾರಣವಿತ್ತು. ನಾಟಕದಲ್ಲಿ ನಾಯಕನ ಹೆಸರು ಚನ್ನವೀರ ಎಂದಿದ್ದರೂ ಅವನು ಬಸಲಿಂಗನೇ ಎಂಬುದು ವಠಾರದ ಮಕ್ಕಳಿಗೂ ಗೊತ್ತಿತ್ತು. ಹಿಂದಿನ ನಾಟಕದಲ್ಲಿ ಹಾಸ್ಯದ ಪಾರ್ಟು ಮಾಡಿ ಎಲ್ಲರನ್ನೂ ಹೊಟ್ಟೆ ಹುಣ್ಣಾಗುವಂತೆ ನಗಿಸಿದ್ದವನು ಬಸಲಿಂಗ. ಒಂದು ಬೆಳಗ್ಗೆ ಪವರ್ ಪ್ರೆಸ್ಸಿನೊಳಗೆ ಸಿಕ್ಕಿಕೊಂಡಿದ್ದ ತಗಡನ್ನು ಬಿಡಿಸಲು ಬಗ್ಗಿದ, ಪ್ರೆಸ್ಸು ಇಳಿಯಿತು. ಆಳು ಒಳಗೆ ಬಗ್ಗಿದ್ದಾಗ ಪ್ರೆಸ್ಸು ಇಳಿಯದಂತೆ ತಡೆಯುವ ಗಾರ್ಡು ಕೆಟ್ಟು ಬಹಳ ದಿನವಾಗಿತ್ತು. ಎಷ್ಟು ಹೇಳಿದರೂ ಯಾರೂ ಸರಿಮಾಡಿಸಿರಲಿಲ್ಲ. ಶವ ಕೊಡುವ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತ ಸೂಪರ್‌ವೈಸರ್, ಹೆಂಡತಿ ಫೋನ್ ಮಾಡಿದಳು, ಅದನ್ನು ನೋಡುತ್ತಾ ಮೈಮರೆತ ಎಂದುಬಿಟ್ಟ. ಗಾರ್ಡಿನ ಮಾತು ಅಲ್ಲಿಗೆ ಮುಚ್ಚಿಹೋಯಿತು.

ನಿಜವೆಂದರೆ ಆ ದಿನ ಬಸಲಿಂಗನ ಹತ್ತಿರ ಫೋನೇ ಇರಲಿಲ್ಲ. ಹೆಂಡತಿ ಶೈಲಶ್ರೀಯ ಫೋನು ನೀರಿಗೆ ಬಿದ್ದು ಕೆಟ್ಟಿತ್ತು. ನನ್ನದನ್ನು ಇಟ್ಟುಕೋ, ಅವ್ವನಿಗೆ ಫೋನ್ ಮಾಡಿ ಮೊಣಕಾಲು ಹೇಗಿದೆ ಎಂದು ಕೇಳು ಎಂದು ತನ್ನ ಫೋನನ್ನು ಅವಳ ಕೈಗೆ ಕೊಟ್ಟು ಹೋಗಿದ್ದ. ಅವಳು ಹಾಗೆಯೇ ಮಾಡಿದ್ದಳು. ಊರಿನಲ್ಲಿ ಬಸಲಿಂಗನ ತಾಯಿ ಹೊಳೆವ್ವನಿಗೆ ಸ್ವಂತ ಫೋನಿಲ್ಲ. ಪಕ್ಕದ ಕಿರಾಣಿ ಅಂಗಡಿಗೆ ಮಾಡಿದರೆ ಕರೆದು ಕೈಗೆ ಕೊಡುತ್ತಾರೆ. ಅದು ಯಾರ ನಂಬರಿನಿಂದ ಬಂತು ಎಂದು ಹೊಳೆವ್ವ ಯಾವತ್ತೂ ಕೇಳಿದವಳಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸೂಪರ್‌ವೈಸರನ ಮಾತು ಕೇಳಿದ ಹೊಳೆವ್ವ ಆಮೇಲೆ ಸೊಸೆಯ ಮುಖ ನೋಡಲಿಲ್ಲ. ಸೊಸೆ ಬಾಯಿ ತೆರೆದರೆ ಕಿವಿ ಮುಚ್ಚಿಕೊಂಡಳು. "ಇಕಿ ಫೋನಿಗೆ ನನ್ನ ಮಗ ಹೋದ" ಎಂದು ಊರಿಡೀ ಹೇಳಿಕೊಂಡು ಅತ್ತಳು. ಆ ಮಾತು ಬಸ್ಸು ಹತ್ತಿ ದಾಸರಹಳ್ಳಿಗೂ ಬಂತು. ಶೈಲಶ್ರೀ ನೀರು ಹಿಡಿಯಲು ನಿಂತರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಗಂಡ ಸತ್ತ ದುಃಖ ಒಂದು ಕಡೆ, ಗಂಡನನ್ನು ಕೊಂದವಳೆಂಬ ಹೆಸರು ಇನ್ನೊಂದು ಕಡೆ. ಎರಡನ್ನೂ ಹೊತ್ತುಕೊಂಡು ಆ ಹುಡುಗಿ ದಿನವೂ ಗಾರ್ಮೆಂಟ್ಸಿಗೆ ಹೋಗಿ ಅಂಗಿಗಳ ತೋಳಿಗೆ ಪಟ್ಟಿ ಹೊಲಿದು ಬರುತ್ತಿದ್ದಳು.

ಒಂದು ಸಂಜೆ ಅವಳೇ ಈಶಪ್ಪನ ಮನೆಯ ಬಾಗಿಲಿಗೆ ಬಂದು ನಿಂತಳು.

"ಈಶಪ್ಪಣ್ಣ, ನನ್ನ ಮಾತು ಯಾರೂ ಕೇಳಾಂಗಿಲ್ಲ. ನಾಟಕದಾಗ ಹೇಳಿದ್ರ ಕೇಳ್ತಾರ. ನಮ್ಮತ್ತೀನ ಕರಸ್ರಿ. ಅವ್ರೊಬ್ರು ನೋಡಿದ್ರ ಸಾಕು."

ಈಶಪ್ಪ ನಾಟಕ ಬರೆದ. ಊರಿಗೆ ಹೋಗಿ, ನಾಟಕಕ್ಕೆ ಬಾ ಎಂದು ಹೊಳೆವ್ವನಿಗೆ ಹೇಳಿಯೂ ಬಂದ. ಮೊದಲು ಬೈದ ಮುದುಕಿ ಕಡೆಗೆ, "ವೇಷದಾಗಾದ್ರೂ ಮಗನ್ನ ಇನ್ನೊಮ್ಮಿ ನೋಡಿದಂಗಾಗ್ತತಿ, ಬರ್ತೀನಿ" ಎಂದಳು.

ನಾಟಕ ನಡೆಯುವ ಜಾಗ ಶ್ಯಾಮಣ್ಣನದು. ಶ್ಯಾಮಣ್ಣ ದಾಸರಹಳ್ಳಿಯ ಮೂಲ ಒಕ್ಕಲು. ಅವನ ತಂದೆ ರಾಗಿ ಬೆಳೆದ ಹೊಲದಲ್ಲಿ ಈಗ ಸಾಲು ಸಾಲು ಬಾಡಿಗೆ ಕೋಣೆಗಳು ಎದ್ದಿವೆ. ಉಳಿದ ಖಾಲಿ ಸೈಟನ್ನು ಪ್ರತಿ ವರ್ಷ ನಾಟಕಕ್ಕೆ ಬಿಟ್ಟುಕೊಡುತ್ತಾನೆ. ಅವನ ಷರತ್ತು ಒಂದೇ: ನಾಟಕ ಮುಗಿದ ಮೇಲೆ ವೇದಿಕೆಯಲ್ಲಿ ಶಾಲು ಹೊದಿಸಬೇಕು, ಮೈಕಿನಲ್ಲಿ ಮಾತಾಡಲು ಬಿಡಬೇಕು.

ಚನ್ನವೀರನ ಪಾರ್ಟು ಮಡಿವಾಳಪ್ಪನಿಗೆ. ಕಡ್ಡಿಯಂಥ ಆಳು, ಆದರೆ ಕಂಠಪಾಠದಲ್ಲಿ ಗಟ್ಟಿ. ಹೆಂಡತಿಯ ಪಾರ್ಟಿಗೆ ಗದಗಿನಿಂದ ಸವಿತಾಳನ್ನು ಕರೆಸಿದ್ದರು. ಇಂಥ ನಾಟಕಗಳೇ ಅವಳ ಜೀವನ. ಇಂದು ಇಲ್ಲಿ, ನಾಳೆ ಇನ್ನೆಲ್ಲೋ. ನಾಟಕದ ದಿನ ಬೆಳಗ್ಗೆ ಬಂದಿಳಿದು ಒಂದೇ ಒಂದು ತಾಲೀಮು ಮಾಡಿದವಳು ಫೋನಿನ ಮಾತಿನಲ್ಲಿ ನಿಂತುಬಿಟ್ಟಳು.

"'ಅತ್ತೀ, ಮೊಣಕಾಲು ಹೆಂಗೈತ್ರೀ' ಅಂತ ಕೇಳಿ ಸುಮ್ನ ನಿಂದ್ರಬೇಕ್ರೀ ಮಾಸ್ತರ? ಜನ ನಾ ಮಾತು ಮರತೆ ಅಂತಾರ."

"ನಿಂದ್ರವ್ವ. ಆ ಕಡಿಂದ ಉತ್ತರ ಬರೂಮಟ ನಿಂದ್ರಬೇಕು."

"ಆ ಕಡೆ ಯಾರೂ ಇಲ್ಲಲ್ರೀ," ಎಂದು ಸವಿತಾ ನಕ್ಕಳು.

ನಾಲ್ಕು ಗಂಟೆಯಾಯಿತು. ಪರದೆಯ ತೂತಿನಿಂದ ಈಶಪ್ಪ ಹಣಿಕಿ ಹಾಕಿದ. ಕುರ್ಚಿಗಳು ಸಾಲಾಗಿ ಕಾಯುತ್ತಿದ್ದವು, ಕೂರುವವರು ಮಾತ್ರ ಇರಲಿಲ್ಲ. ಹಿಂದೆ ಮೈಕಿನವನು, ನಡುವೆ ಅಟ್ಟಿಸಿಕೊಂಡು ಆಡುವ ಮಕ್ಕಳು, ಒಂದು ಕುರ್ಚಿಯ ಕೆಳಗೆ ನಾಯಿ. ಮುಂದಿನ ಸಾಲಿನಲ್ಲಿ ಶೈಲಶ್ರೀ, ತೊಡೆಯ ಮೇಲೊಂದು ಪ್ಲಾಸ್ಟಿಕ್ ಚೀಲ. ಅವಳ ಪಕ್ಕದಲ್ಲಿ ತಲೆ ತುಂಬ ಸೆರಗು ಹೊದ್ದ, ಹಸಿರು ಇಳಕಲ್ ಸೀರೆಯ ಮುದುಕಿಯೊಬ್ಬಳು ಕೂತಿದ್ದಳು.

ಈಶಪ್ಪನ ಎದೆ ಉಬ್ಬಿತು. ಹೊಳೆವ್ವ ಬಂದಿದ್ದಾಳೆ! ಅಷ್ಟೇ ಅಲ್ಲ, ಸೊಸೆಯ ಪಕ್ಕದಲ್ಲೇ ಕೂತಿದ್ದಾಳೆ!

"ತಡಿಯಪಾ, ಜನ ಬರ್ಲಿ," ಎಂದ ಕೊಟ್ರಪ್ಪ.

"ಬರಬೇಕಾದವ್ರು ಬಂದಾರ," ಎಂದು ಈಶಪ್ಪ ಗಂಟೆ ಬಾರಿಸಿಯೇಬಿಟ್ಟ.

ಮೊದಲ ಸೀನು ನಡೆಯಿತು. ಸವಿತಾ ಬುತ್ತಿ ಕಟ್ಟಿದಳು. ಮಡಿವಾಳಪ್ಪ ಫೋನನ್ನು ಅವಳ ಕೈಗಿಟ್ಟು, ಸಂಜೀಗೆ ಬರ್ತೀನಿ ಎಂದು ಹೋದ. ಸವಿತಾ ಅತ್ತೆಗೆ ಫೋನ್ ಹಚ್ಚಿ ಮೊಣಕಾಲಿನ ಮಾತು ಕೇಳಿ ಸುಮ್ಮನೆ ನಿಂತಳು. ಆ ಸುಮ್ಮನಿರುವಿಕೆಯಲ್ಲಿ ಮೈಕು ಕುಂಯ್ ಎಂದಿತು, ನಾಯಿ ಎದ್ದು ಮೈ ಕೊಡವಿತು. ಪರದೆ ಬಿತ್ತು.

ಈಶಪ್ಪ ಮತ್ತೆ ತೂತಿಗೆ ಕಣ್ಣಿಟ್ಟ. ಅಷ್ಟರಲ್ಲಿ ಇಳಕಲ್ ಸೀರೆಯ ಮುದುಕಿ ಸೆರಗು ಸರಿಸಿ ಬೆವರು ಒರೆಸಿಕೊಂಡಳು. ನೋಡಿದರೆ ಅವಳು ವಠಾರದ ಕಡೆಯ ಮನೆಯ ರುದ್ರಮ್ಮ.

ಹೊಳೆವ್ವ ಎಲ್ಲಿ? ಹೊಳೆವ್ವನ ಬಸ್ಸು ನೆಲಮಂಗಲದ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಮುದುಕಿ ಕೈಚೀಲ ಹಿಡಿದು ಒಳಗೆ ಬರುವಾಗ ಎರಡನೆಯ ಸೀನು ಮುಗಿಯುತ್ತಿತ್ತು. ಅವಳ ಹಿಂದೆಯೇ ಮಕ್ಕಳು ಮರಿ ಕಟ್ಟಿಕೊಂಡು, ಶೇಂಗಾ ಪೊಟ್ಟಣ ಹಿಡಿದು ಜನವೋ ಜನ. ಎಲ್ಲರೂ ಈಗ ನಿದ್ದೆಯಿಂದ ಎದ್ದು ಬಂದಿದ್ದರು. ಕುರ್ಚಿ ಸಾಲದೆ ಕಾಂಪೌಂಡಿನ ಮೇಲೂ ಹತ್ತಿ ಕೂತರು. ಹೊಳೆವ್ವ ಸೊಸೆಯನ್ನು ಕಂಡವಳೇ ಮುಖ ತಿರುಗಿಸಿ ಇನ್ನೊಂದು ತುದಿಗೆ ಹೋಗಿ ಕೂತಳು.

"ನಾ ಹೇಳ್ಲಿಲ್ಲನು?" ಎಂದ ಕೊಟ್ರಪ್ಪ. ಬೈಯಲಿಲ್ಲ, ಈಶಪ್ಪನ ಮುಖ ಬೈಯುವ ಹಾಗಿರಲಿಲ್ಲ.

ಈಶಪ್ಪ ತನ್ನಿಂದಾದದ್ದು ಮಾಡಿದ. ಕಾರ್ಖಾನೆಯ ಸೀನಿನಲ್ಲಿ ಪರದೆಯ ಮರೆಯಿಂದ ಹೊಸ ಮಾತೊಂದನ್ನು ಎತ್ತಿಕೊಟ್ಟ: "ಫೋನ್ ಮನ್ಯಾಗ ಬಿಟ್ ಬಂದೀನಿ ಅನ್ನು!" ತಾಲೀಮಿನಲ್ಲಿ ಕೇಳದ ಮಾತು ಕಿವಿಗೆ ಬಿದ್ದು ಮಡಿವಾಳಪ್ಪ ಗಲಿಬಿಲಿಗೊಂಡ. ಆ ಕಡೆ ಈ ಕಡೆ ನೋಡಿ, ತನಗೆ ಬಾಯಿಪಾಠವಿದ್ದುದನ್ನೇ ಒಪ್ಪಿಸಿದ. ಈಶಪ್ಪ ಮತ್ತೆ ಕೂಗಿದ; ಜನರಿಗೆ ಕೇಳಿದ್ದು ಕೆಮ್ಮು ಮಾತ್ರ.

ಚನ್ನವೀರ ಸತ್ತ. ಕೊಟ್ರಪ್ಪ ಮೀಸೆಯ ಮೇಲೆ ಕೈಯಾಡಿಸಿ, "ಹೆಂಡ್ತಿ ಫೋನ್ ಬಂತು, ಅದನ್ನ ನೋಡ್ಕೊಂತ ಸತ್ತ. ನಮ್ದೇನು ತಪ್ಪೈತಿ?" ಎಂದ. ಎಂದೂ ಅಷ್ಟು ಚೆನ್ನಾಗಿ ಮಾಡಿರಲಿಲ್ಲ ಅವನು. ಜನ ನಂಬಿದರು.

"ಈ ಫೋನಿಂದಾನೇ ಎಲ್ಲಾ ಹಾಳಾಗೋದು ಗುರು," ಎಂದ ಹಿಂದಿನ ಸಾಲಿನ ಒಬ್ಬ.

"ಕೆಲ್ಸದ ಹೊತ್ತಿನ್ಯಾಗ ಆಕಿ ಯಾಕರ ಮಾಡಿದ್ಲೋ," ಎಂದು ಹೆಂಗಸೊಬ್ಬಳು ನಿಟ್ಟುಸಿರಿಟ್ಟಳು.

ಅಷ್ಟರಲ್ಲಿ ಹೊಳೆವ್ವ ಎದೆ ಎದೆ ಬಡಿದುಕೊಂಡು ಎದ್ದಳು. "ಕೇಳಿದ್ರೇನ್ರೋ! ನಾ ಹೇಳಿದ್ದು ಇದನ್ನ ಅಲ್ಲೇನು! ಇಕಿ ಫೋನಿಗೆ ನನ್ನ ಮಗ ಹೋದ!"

ಇಡೀ ಸಭೆ ಶೈಲಶ್ರೀಯ ಕಡೆ ತಿರುಗಿತು. ಅವಳು ಅಲ್ಲಾಡದೆ ಕೂತಿದ್ದಳು. ಪರದೆಯ ಮರೆಯಲ್ಲಿ ಈಶಪ್ಪ ಕೈಯಲ್ಲಿದ್ದ ನಾಟಕದ ಪುಸ್ತಕವನ್ನು ಕೆಳಗಿಳಿಸಿದ. ಆಸ್ಪತ್ರೆಯ ಬಾಗಿಲಲ್ಲಿ ಒಬ್ಬ ಹೇಳಿದ್ದ ಸುಳ್ಳನ್ನು ಅವನು ಮೈಕು ಕಟ್ಟಿ, ಊರ ಜನರನ್ನೆಲ್ಲ ಕೂಡಿಸಿ ಹೇಳಿಸಿದಂತಾಗಿತ್ತು. ನಂಬಿ ಬಂದ ಹುಡುಗಿಯ ಮುಖವನ್ನು ಇನ್ನು ಹೇಗೆ ನೋಡುವುದು? ಅವನ ಕಣ್ಣಲ್ಲಿ ನೀರು ಬಂತು.

ಕಡೆಯ ಸೀನೂ ಮುಗಿಯಿತು. ಪರದೆ ಎಳೆದು, ಶ್ಯಾಮಣ್ಣನಿಗೆ ಕುರ್ಚಿ ಹಾಕಿ, ಕೊಟ್ರಪ್ಪ ಸೂಪರ್‌ವೈಸರನ ವೇಷದಲ್ಲೇ ಮೈಕು ಹಿಡಿದ. ಶಾಲಿನ ಮಡಿಕೆ ಬಿಚ್ಚುತ್ತಿದ್ದ ಹಾಗೆಯೇ ಶೈಲಶ್ರೀ ಚೀಲ ಹಿಡಿದು ಮೆಟ್ಟಿಲು ಹತ್ತಿದಳು.

"ಆಯೇರಿ ಐತಿ," ಎಂದಳು.

ಆಯೇರಿ ಎಂದರೆ ನೋಡುವವರು ಮೆಚ್ಚಿ ಪಾತ್ರಧಾರಿಗೆ ಕೊಡುವ ಉಡುಗೊರೆ. ಅದು ಬಂತೆಂದರೆ ನಾಟಕದ ರಾಜನೇ ಸಾಯುತ್ತಿರಲಿ, ನಿಲ್ಲಿಸಿ ತೆಗೆದುಕೊಳ್ಳಬೇಕು, ಕೊಟ್ಟವರ ಹೆಸರನ್ನು ಕೂಗಬೇಕು. ಅವರು ಮೆಚ್ಚಿದ ಹಾಡಿಗೆ ಒನ್ಸ್ ಮೋರ್ ಕೇಳಿದರೆ ಮತ್ತೆ ಹಾಡಬೇಕು. ಕೊಟ್ರಪ್ಪ ಏನೂ ತೋಚದೆ ಮೈಕನ್ನು ಅವಳ ಮುಂದೆ ಹಿಡಿದ. ಶೈಲಶ್ರೀ ಚೀಲದಿಂದ ನೀಲಿ ಗೆರೆಯ ಅಂಗಿಯೊಂದನ್ನು ತೆಗೆದಳು.

"ಚನ್ನವೀರನ ಪಾರ್ಟು ಮಾಡಿದವ್ರಿಗೆ ಈ ಅಂಗಿ. ಗಾರ್ಮೆಂಟ್ಸಿನ್ಯಾಗ ಬರೇ ತೋಳಿನ ಪಟ್ಟಿ ಹೊಲಿತೀನಿ. ಇದನ್ನ ಪೂರಾ ನಾನ ಹೊಲದೀನಿ, ನಮ್ಮನಿಯವ್ರ ಅಳತಿಗೆ." ಅಂಗಿಯನ್ನು ಕೊಟ್ರಪ್ಪನ ಕೈಗಿಟ್ಟಳು. "ಮೊದ್ಲ ಸೀನಿಗೆ ಒನ್ಸ್ ಮೋರ್."

ಹಾಡಿಗೆ ಒನ್ಸ್ ಮೋರ್ ಉಂಟು, ಕುಣಿತಕ್ಕೆ ಉಂಟು. ನಾಟಕ ಮುಗಿದು, ನಾಯಕ ಸತ್ತು, ಅಳುವುದೂ ಆದ ಮೇಲೆ ಮೊದಲ ಸೀನಿಗೆ ಒನ್ಸ್ ಮೋರ್ ಕೇಳಿದ್ದನ್ನು ಯಾರೂ ಕಂಡಿರಲಿಲ್ಲ. ಕಾಂಪೌಂಡಿನ ಮೇಲೆ ಕೂತಿದ್ದವನೊಬ್ಬ, "ಸತ್ತೋನು ಎದ್ದು ಬರ್ತಾನಾ ಅಕ್ಕಾ?" ಎಂದು ಕೂಗಿದ. ಕೆಲವರು ನಕ್ಕರು.

ಕೊಟ್ರಪ್ಪ ಒಳಗೆ ನೋಡಿದ. ಸವಿತಾ ಆಗಲೇ ಅರ್ಧ ಬಣ್ಣ ಒರೆಸಿಕೊಂಡು, ಊರಿನ ಬಸ್ಸು ಹಿಡಿಯುವ ಅವಸರದಲ್ಲಿದ್ದಳು. ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಆಯೇರಿ ಕೈಗೆ ಬಂದ ಮ್ಯಾಲ ಇಲ್ಲ ಅನ್ನಾಂಗಿಲ್ರೀ ಮಾಸ್ತರ."

"ನಿನ್ನ ಬಸ್ ಹೋಗ್ತತಲ್ಲವ್ವ," ಎಂದ ಈಶಪ್ಪ.

"ಹೋದ್ರ ಹೋಗ್ಲಿ. ನಾಳೀಗೂ ಬಸ್ ಐತಿ. ಬುತ್ತಿ ಗಂಟು ಎಲ್ಲೈತಿ?"

ಉಳಿದದ್ದು ಶ್ಯಾಮಣ್ಣ. ಶಾಲು ಅವನ ಒಂದು ಹೆಗಲ ಮೇಲೆ ಬಿದ್ದಿತ್ತು, ಭಾಷಣ ಗಂಟಲಿಗೆ ಬಂದಿತ್ತು. ಅವನು ಶೈಲಶ್ರೀಯನ್ನು ನೋಡಿದ, ಕೆಳಗೆ ಅಳುತ್ತಿದ್ದ ಮುದುಕಿಯನ್ನು ನೋಡಿದ. ಶಾಲನ್ನು ತಾನೇ ತೆಗೆದು ಮಡಿಚಿದ.

"ನನ್ ಸನ್ಮಾನ ಎಲ್ಗೋಯ್ತದೆ, ಆಮ್ಯಾಕೆ ಮಾಡ್ಕಂಡ್ರಾಯ್ತು. ಆ ಹೆಣ್ಮಗ ಕೇಳ್ತಾವ್ಳೆ, ಆಡ್ರಪ್ಪ," ಎಂದು ಕುರ್ಚಿಯನ್ನು ತಾನೇ ಎತ್ತಿಕೊಂಡು ಕೆಳಗಿಳಿದ. ಶೈಲಶ್ರೀಯೂ ಇಳಿದು ತನ್ನ ಜಾಗಕ್ಕೆ ಹೋಗಿ ಕೂತಳು.

ಮತ್ತೆ ಗಂಟೆ ಮೊಳಗಿತು, ಪರದೆ ಸರಿಯಿತು. ಮಡಿವಾಳಪ್ಪ ಆಯೇರಿಯ ಅಂಗಿ ತೊಟ್ಟು ಬಂದ. ಅದು ಅವನಿಗೆ ದೊಡ್ಡದು. ಭುಜ ಜಾರಿತ್ತು, ತೋಳು ಬೆರಳಿನ ತನಕ ಇಳಿದಿತ್ತು. ಬೇರೆ ದಿನವಾಗಿದ್ದರೆ ಜನ ಸಿಳ್ಳೆ ಹಾಕುತ್ತಿದ್ದರು. ಆದರೆ ಆ ಅಂಗಿಯಲ್ಲಿ ಇನ್ನೊಬ್ಬನ ಅಳತೆ ಎಲ್ಲರಿಗೂ ಕಾಣುತ್ತಿತ್ತು. ಯಾರೂ ಶೇಂಗಾ ಸುಲಿಯಲಿಲ್ಲ.

ಈಶಪ್ಪ ಬರೆದದ್ದರಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಹೆಂಡತಿ ಬುತ್ತಿ ಕಟ್ಟಿದಳು. ಚಟ್ನಿ ಜಾಸ್ತಿ ಹಾಕು ಎಂದ ಗಂಡ. ಅಷ್ಟಕ್ಕೇ ಒಬ್ಬಳು ಬಿಕ್ಕಿದಳು. ಅವನು ಈಗಷ್ಟೇ ಸತ್ತದ್ದನ್ನು ಎಲ್ಲರೂ ಕಂಡಿದ್ದರು. ಪಾಪ, ಅವನಿಗೇ ಗೊತ್ತಿರಲಿಲ್ಲ. ಅವನು ಚಪ್ಪಲಿ ಮೆಟ್ಟಿದರೆ ಜನರಿಗೆ ತಡೆಯಬೇಕೆನ್ನಿಸಿತು. ಹೊಸಿಲಲ್ಲಿ ನಿಂತು ಅವನು ಫೋನು ತೆಗೆದು ಹೆಂಡತಿಯ ಕೈಗೆ ಕೊಟ್ಟ.

"ನಿಂದು ಕೆಟ್ಟೈತಲ್ಲ, ನಂದು ಇಟ್ಗ. ಅವ್ವಗ ಫೋನ್ ಮಾಡಿ ಮೊಣಕಾಲು ಹೆಂಗೈತಿ ಕೇಳು. ಸಂಜೀಗೆ ಬರ್ತೀನಿ."

ಸಭೆಯಲ್ಲಿ ಗುಸುಗುಸು ಎದ್ದಿತು. "ಫೋನ್ ಮನ್ಯಾಗ ಬಿಟ್ಟಾನಲ್ಲೋ!" ಎಂದ ಒಬ್ಬ. "ಮತ್ತ ಆ ಸೂಪರ್‌ವೈಸರ್..." ಎಂದ ಇನ್ನೊಬ್ಬ. ಆಮೇಲೆ ಆ ಗುಸುಗುಸುವೂ ಅಡಗಿತು. ಮಡಿವಾಳಪ್ಪ ಕೈ ಬೀಸಿ ಹೋದ. ಅವನು ಮರೆಯಾದ ಜಾಗವನ್ನೇ ಜನ ನೋಡುತ್ತಾ ಕೂತರು.

ಸವಿತಾ ಫೋನು ಕಿವಿಗಿಟ್ಟಳು. "ಅತ್ತೀ, ಮೊಣಕಾಲು ಹೆಂಗೈತ್ರೀ?"

ಕೇಳಿ ಸುಮ್ಮನೆ ನಿಂತಳು.

"ಚಲೋ ಐತವ್ವ," ಎಂಬ ದನಿ ಕೆಳಗಿನಿಂದ ಬಂತು.

ಹೊಳೆವ್ವ ಎದ್ದು ನಿಂತಿದ್ದಳು. ವೇದಿಕೆಯ ಕಡೆ ನೋಡುತ್ತಿದ್ದಳು, ಆದರೆ ಅವಳು ಕಾಣುತ್ತಿದ್ದುದು ಊರಿನ ಕಿರಾಣಿ ಅಂಗಡಿಯ ಕಟ್ಟೆ, ಆ ದಿನದ ಮುಂಜಾನೆ. "ಎಣ್ಣಿ ಹಚ್ಚಿ ತಿಕ್ಕೇನಿ. ನೀವಿಬ್ರೂ ಉಂಡ್ರೇನು..." ಎಂದವಳು ಅಲ್ಲಿಗೇ ನಿಂತಳು. ತಲೆಯ ಮೇಲಿನ ಸೆರಗು ಜಾರಿತು. ನಿಧಾನವಾಗಿ ಶೈಲಶ್ರೀಯ ಕಡೆ ತಿರುಗಿದಳು.

"ಆವತ್ತು ನೀ ಫೋನ್ ಮಾಡಿದ್ಯಲ್ಲ... ಹಿಂಗ ಕೇಳಿದ್ದಿ. ಮೊಣಕಾಲು ಹೆಂಗೈತಿ ಅಂತ. ಅದು ಅವನ ಫೋನೇನ?"

"ಹೂಂ ಅತ್ತೀ," ಎಂದಳು ಶೈಲಶ್ರೀ. "ಅವ್ರು ಆಗ ಇನ್ನೂ ಬಸ್‌ಸ್ಟಾಪಿಗೂ ಮುಟ್ಟಿದ್ದಿಲ್ಲ."

ಹೊಳೆವ್ವ ಕೈಚೀಲವನ್ನು ಅಲ್ಲೇ ಬಿಟ್ಟು, ಕುರ್ಚಿಗಳನ್ನು ಹಿಡಿದು ಹಿಡಿದು ಬಂದಳು. ಮೊಣಕಾಲು ನಿಜಕ್ಕೂ ಚಲೋ ಇರಲಿಲ್ಲ. ಜನ ಕಾಲು ಮಡಿಚಿ ದಾರಿ ಬಿಟ್ಟರು. ರುದ್ರಮ್ಮ ಎದ್ದು ಜಾಗ ಕೊಟ್ಟಳು. ಮುದುಕಿ ಸೊಸೆಯ ಪಕ್ಕದಲ್ಲಿ ಕೂತು, ಅವಳ ಮುಖವನ್ನು ಎರಡೂ ಕೈಯಿಂದ ಹಿಡಿದು, ಮಗ ಸತ್ತಂದಿನಿಂದ ನೋಡದಿದ್ದ ಮುಖವನ್ನು ನೋಡಿದಳು. ಇಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು.

ವೇದಿಕೆಯ ಮೇಲೆ ಸವಿತಾ ಫೋನನ್ನು ಕಿವಿಗಿಟ್ಟುಕೊಂಡೇ ನಿಂತಿದ್ದಳು. ಅವಳು ಹೇಳಬೇಕಾದ ಮಾತು ಇನ್ನೊಂದೆರಡು ಉಳಿದಿದ್ದವು. ಈಶಪ್ಪ ಎತ್ತಿಕೊಡಲಿಲ್ಲ.